ತುದಿ ಕೊಯ್ದ ಗಜ್ಜರಿ

ನಿಜಾಮರ ಕಾಲದಲ್ಲಿ ಅಫಜಲಪುರದ ನಮ್ಮ ನೆರೆಯ ಮಾಲಿ ಚಾಚಾ ಗಜ್ಜರಿ ಬೆಳೆಯುತ್ತಿದ್ದರು. ಪ್ರತಿ ಗಡ್ಡೆಯ ತುದಿ ಕೊಯ್ದು ತಿಂದು ನೋಡಿ, "ಇನ್ನಾ ಒಂದೀಟ ಸಿಹಿ ಬರಬೇಕು, ಬೇಟಿ" ಎನ್ನುವರು. ಇದ್ದುದರಲ್ಲಿ ಸಿಹಿಯಾದವನ್ನು ಬೀಜಕ್ಕೆಂದು ಮತ್ತೆ ಮಣ್ಣಲ್ಲಿ ಊರುವರು. ಒಂದು ವರ್ಷ ನಾಲ್ಕು ಗಡ್ಡೆಯ ತುದಿ ತಿಂದು ನೋಡಿ, ಆ ಮಾತು ಆಡದೆ ನಕ್ಕು, ಆ ನಾಲ್ಕನ್ನೇ ಬೀಜಕ್ಕೆ ಊರಿದರು.

ಮರುದಿನ ನಮ್ಮ ಮನೆಗೆ ಬೀಗರು ಬಂದರು. ಗೊತ್ತಿದ್ದೂ ಆ ನಾಲ್ಕನ್ನೇ ಕಿತ್ತು ಪಚಡಿ ಮಾಡಿದೆ. ಏನೂ ಅರಿಯದ ನಮ್ಮ ಯಜಮಾನರು ಚಾಚಾರನ್ನೂ ಊಟಕ್ಕೆ ಕರೆದರು.

ಒಂದು ತುತ್ತಿಗೇ ಅವರ ಕೈ ನಿಂತಿತು. "ನನ್ನ ಗಜ್ಜರಿ ರುಚೀನೇ ಅದ. ಎಲ್ಲಿ ತಂದಿ, ಬೇಟಿ?"

"ಸಂತ್ಯಾಗ ತಂದೇನ್ರಿ, ಚಾಚಾ."

ತಮ್ಮವನ್ನು ಹೆಗ್ಗಣ ತಿಂದವೆಂದು ನಂಬಿ, ಆ ರುಚಿಯ ಗಜ್ಜರಿಯ ಬೀಜಕ್ಕಾಗಿ ಅವರು ವರ್ಷಗಟ್ಟಲೆ ಸಂತೆ ಸುತ್ತಿದರು. "ಅವನ್ನ ಮಾರಿದಾಂವ ಹ್ಯಾಂಗಿದ್ದ?" ಎಂದು ಕೇಳುವರು. ನಾನು ಪ್ರತಿ ಸಲ ಅವನ ರುಮಾಲಿನ ಬಣ್ಣ ಹೇಳುತ್ತಿದ್ದೆ.