ಡಬ್ಬಿ ಹಿಡಿಯುವ ಮೊದಲು

ಸಿರುಗುಪ್ಪದ ಅಂಚಿನಲ್ಲಿದ್ದ ಹಮಾಲರ ಗುಡಿಸಲುಗಳಿಗೆ ಬೆಂಕಿ ಬಿದ್ದ ಸುದ್ದಿಯನ್ನು ಅತ್ತೆಯ ತಂಗಿ ಫೋನಿನಲ್ಲಿ ಹೇಳಿದರು. ಯಾರ ಜೀವಕ್ಕೂ ಏನೂ ಆಗಿರಲಿಲ್ಲ. ಆದರೆ ಬಟ್ಟೆ, ಪಾತ್ರೆ, ಕೂಡಿಟ್ಟ ಕಾಳುಕಡಿ ಎಲ್ಲ ಹೋಗಿತ್ತು. ಅತ್ತೆ ಆ ಮಧ್ಯಾಹ್ನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಸಂಜೆಗೆಲ್ಲ ಬಳ್ಳಾರಿಯ ಪಾರ್ವತಿನಗರದ ನಮ್ಮ ಓಣಿಯ ಇಬ್ಬರು ಹೆಂಗಸರನ್ನು ಒಪ್ಪಿಸಿ, ಹಣ ಎತ್ತಲೆಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕೊರೆಸಿಕೊಂಡು ಬಂದಿದ್ದರು. ಮರುದಿನ ಬಸ್ ಸ್ಟ್ಯಾಂಡಿಗೆ ಹೋಗುವುದೆಂದು ತೀರ್ಮಾನವಾಯಿತು.

ಅತ್ತೆ ಬಾದನಹಟ್ಟಿಯವರು. ಬಳ್ಳಾರಿಯಲ್ಲಿ ಬಸ್ ಹತ್ತಿದರೆ ಕುರುಗೋಡು ಬರುವಷ್ಟರಲ್ಲಿ ಪಕ್ಕದ ಸೀಟಿನವರ ಮನೆಯ ಸಮಾಚಾರವೆಲ್ಲ ಅವರಿಗೆ ಗೊತ್ತಾಗಿರುತ್ತದೆ. ಕನ್ನಡದವರಿಗೆ ಕನ್ನಡ, ತೆಲುಗಿನವರಿಗೆ ತೆಲುಗು, ಸಾಲದಿದ್ದರೆ ಒಂದೆರಡು ಉರ್ದು ಮಾತು. ನಾನಾದರೋ ಮನೆಯಲ್ಲಿ ಬಟ್ಟೆ ಹೊಲಿದುಕೊಂಡಿರುವವಳು, ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವುದಕ್ಕೂ ಸಂಕೋಚಪಡುವವಳು.

ಬಸ್ ಸ್ಟ್ಯಾಂಡಿನಲ್ಲಿ ನಮಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಪೊಲೀಸಿನವರೊಬ್ಬರು ಬಂದು ಪರ್ಮಿಷನ್ ಇದೆಯೇ ಎಂದು ಕೇಳಿದರು. ಒಳ್ಳೆಯ ಕೆಲಸಕ್ಕೆ ಎಂಥ ಪರ್ಮಿಷನ್ ಎಂದು ಅತ್ತೆ ವಾದಕ್ಕೆ ನಿಂತರು. ಆತ ಸಿಟ್ಟಾಗಲಿಲ್ಲ. ಯಾರೋ ಕಾಯಿಲೆಯ ಮಗುವಿನ ಹೆಸರಿನಲ್ಲಿ ಹಣ ಎತ್ತಿ ನಾಪತ್ತೆಯಾಗಿದ್ದಾರೆ, ಆಗಿನಿಂದ ಹೀಗೆ ಕೇಳಲೇಬೇಕಾಗಿದೆ ಎಂದು ಠಾಣೆಯ ದಾರಿ ತೋರಿಸಿದರು.

ಠಾಣೆಯಲ್ಲಿ ಚಿಕ್ಕ ವಯಸ್ಸಿನ ಸಬ್ ಇನ್ಸ್‌ಪೆಕ್ಟರು ನಮಗೆ ಕುರ್ಚಿ ಹಾಕಿಸಿದರು. ಅತ್ತೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಅಜ್ಜಿ, ನಾ ನಿಮ್ಮನ್ನ ನಂಬತೀನಿ. ಆದ್ರ ನಾಳಿ ನಿಮ್ಮ ಹೆಸರು ಹೇಳ್ಕೊಂಡು ಬ್ಯಾರೆಯವರು ನಿಂತ್ರ ಏನ್ ಮಾಡ್ಲಿ?" ಎಂದರು. ನೋಂದಣಿಯಾದ ಸಂಘವೊಂದು ಹೊಣೆ ಹೊರಬೇಕು, ಡಬ್ಬಿಗೆ ಸೀಲು ಬೇಕು, ಬೀಗದ ಕೈ ಬೇರೆಯವರ ಬಳಿ ಇರಬೇಕು, ಬಸ್ ಸ್ಟ್ಯಾಂಡಿನ ಅಧಿಕಾರಿಯೂ ಒಪ್ಪಬೇಕು ಎಂದು ಅವರು ವಿವರಿಸಿದರು. ಕೊನೆಗೆ, ಯಾರಿಗಾಗಿ ಎತ್ತುತ್ತೀರೋ ಅವರಿಂದಲೂ ಒಂದು ಒಪ್ಪಿಗೆ ತನ್ನಿ ಎಂದರು. ಎಲ್ಲಕ್ಕಿಂತ ಸುಲಭವಾದದ್ದು ಅದೇ ಎಂದುಕೊಂಡು ನಾವು ಸಿರುಗುಪ್ಪದ ಬಸ್ ಹತ್ತಿದೆವು.

ಅಲ್ಲಿನ ಮಹಿಳಾ ಸಂಘದವರು ಕೇಳಿದ ಕೂಡಲೇ ಹೊಣೆ ಹೊರಲು ಒಪ್ಪಿದರು. ಮನೆ ಕಳೆದುಕೊಂಡವರು ಸಮುದಾಯ ಭವನದಲ್ಲಿದ್ದರು. ನನ್ನದೇ ವಯಸ್ಸಿನ ಹೆಣ್ಣುಮಗಳೊಬ್ಬಳು ಹೊರಗೆ ಕೂತು ಮಸಿ ಹಿಡಿದ ಪಾತ್ರೆ ತಿಕ್ಕುತ್ತಿದ್ದಳು. ಯಾರಿಂದಲೋ ಲೋಟ ಕೇಳಿ ತಂದು ನಮಗೆ ಚಹಾ ಕೊಟ್ಟಳು. ನಾವು ಬಂದ ವಿಷಯ ಹೇಳಿದ ಮೇಲೆ, ಬೇಡ ಎಂದಳು.

"ನಾವು ಮೂಟಿ ಹೊರೋ ಮಂದಿರಿ. ಯಾರ ಮುಂದನೂ ಕೈ ಒಡ್ಡಿಲ್ಲ. ನೀವು ನಮ್ಮ ಹೆಸರ್ಲೆ ಡಬ್ಬಿ ಅಲ್ಲಾಡ್ಸಿದ್ರ, ನಾಳಿ ಅದ ಬಸ್ ಸ್ಟ್ಯಾಂಡಿನಾಗ ನಾವು ಹೆಂಗ ನಿಂದ್ರಬೇಕು?"

ನಾನು ಏಳಲು ಹೊರಟೆ. ಅತ್ತೆ ಏಳಲಿಲ್ಲ. "ಖರೇನವ್ವ. ಮೊದ್ಲು ನಿನ್ನ ಕೇಳಬೇಕಿತ್ತು. ನಾನು ಪೊಲೀಸರನ್ನ ಕೇಳಾಕ ಹೋದೆ" ಎಂದು ಒಂದು ಪಾತ್ರೆಯನ್ನು ತಮ್ಮತ್ತ ಎಳೆದುಕೊಂಡು ತಿಕ್ಕತೊಡಗಿದರು.

ಆಕೆ ತಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ಉಳಿದವರೊಂದಿಗೆ ತೆಲುಗಿನಲ್ಲಿ ಮಾತಾಡಿ ಬಂದಳು. ಅವರು ಒಪ್ಪಿದ್ದರು, ಆದರೆ ಕರಾರುಗಳಿದ್ದವು. ಡಬ್ಬಿಯ ಮೇಲೆ ಫೋಟೊ ಹಾಕಬಾರದು, ಊರು ಹೇಳಬಾರದು, ಹೆಸರು ಹೇಳಬಾರದು. ಸಿರುಗುಪ್ಪದಲ್ಲಿ ನಿಲ್ಲಲೇಬಾರದು. ಬಂದದ್ದರಲ್ಲಿ ಪಾತ್ರೆ ಕೊಂಡು ಎಲ್ಲರೆದುರು ಹಂಚಬೇಕು. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಸಬ್ ಇನ್ಸ್‌ಪೆಕ್ಟರು ಆ ಕರಾರುಗಳನ್ನು ಓದಿ, ಪರ್ಮಿಷನ್ನಿನಲ್ಲಿ ಅವನ್ನೂ ಸೇರಿಸಿದರು. ಅತ್ತೆಗೆ ಪರಿಚಯದವರಿರುವ ಕುರುಗೋಡಿನಲ್ಲಿ ನಿಲ್ಲುತ್ತೇವೆಂದಾಗ ಅಲ್ಲಿನ ಠಾಣೆಗೂ ತಾವೇ ಫೋನ್ ಮಾಡಿದರು.

ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ನನ್ನ ಕೈಯಲ್ಲಿತ್ತು, ದನಿ ಅತ್ತೆಯದು. ಬೆಂಕಿಗೆ ಮನೆ ಕಳೆದುಕೊಂಡವರಿಗೆ ಎಂದಷ್ಟೇ ಎರಡು ಭಾಷೆಯಲ್ಲಿ ಕೂಗುತ್ತಿದ್ದರು. ಯಾವೂರು, ಯಾರ ಪೈಕಿ ಎಂದು ಜನ ಕೇಳಿಯೇ ಕೇಳುತ್ತಿದ್ದರು. ಕೆಲವರು ಜೇಬಿಗೆ ಹಾಕಿದ ಕೈಯನ್ನು ಹಾಗೇ ಹೊರತೆಗೆದು ನಡೆದರು. ಬಾದನಹಟ್ಟಿಯ ಹಳೆಯ ಪರಿಚಯದವರೊಬ್ಬರು, ತಮಗೂ ಹೇಳುವುದಿಲ್ಲವೇ ಎಂದು ಮುನಿಸಿಕೊಂಡರು.

"ಮಾತು ಕೊಟ್ಟೀನಪ್ಪ, ಹೇಳಾಂಗಿಲ್ಲ," ಎಂದು ಅತ್ತೆ ನಕ್ಕರು. ಆತ ಮುನಿಸಿನಲ್ಲೇ ನೋಟು ಹಾಕಿ ಬಸ್ ಹತ್ತಿದರು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ನನ್ನ ಅತ್ತೆ ಆ ದಿನವಿಡೀ ಊರಿನ ಹೆಸರು ಮಾತ್ರ ಬಿಟ್ಟುಕೊಡಲಿಲ್ಲ. ಮಧ್ಯಾಹ್ನದ ಮೇಲೆ ಅವರ ಗಂಟಲು ಕಟ್ಟಿತು. ಆಗ ನಾನೇ ಕೂಗಿದೆ. ಮೊದಲ ಸಲ ದನಿ ಹೊರಡಲಿಲ್ಲ, ಎರಡನೆಯ ಸಲ ಹೊರಟಿತು.

ಸಂಘದವರು ಸೀಲು ಒಡೆದರು. ಬಳ್ಳಾರಿಯಲ್ಲಿ ಪಾತ್ರೆ ಕೊಂಡು ಎಲ್ಲರೆದುರು ಹಂಚಿದ್ದಾಯಿತು. ಸುಟ್ಟ ಗುಡಿಸಲುಗಳು ಮತ್ತೆ ಎದ್ದ ಮೇಲೆ ಅಲ್ಲಿನವರು ನಮ್ಮನ್ನು ಊಟಕ್ಕೆ ಕರೆದರು. ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡು, ಸಾರಿಗೆ ಉಪ್ಪು ಸಾಲದೆಂದು ಮುಖದ ಮೇಲೇ ಹೇಳಿದರು. ಆ ಹೆಣ್ಣುಮಗಳು ನಗುತ್ತ ನಮ್ಮನ್ನು ಬಸ್ಸಿಗೆ ಬಿಡಲು ಬಂದಳು. ಬಸ್ ಬರುವವರೆಗೆ ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಅವರಿಬ್ಬರೂ ಮಾತಾಡುತ್ತಲೇ ಇದ್ದರು. ಬಸ್ ಬಂದು ನಿಂತರೂ ಮಾತು ಮುಗಿದಿರಲಿಲ್ಲ. ಅತ್ತೆಯನ್ನು ತೋಳು ಹಿಡಿದು ನಾನೇ ಹತ್ತಿಸಬೇಕಾಯಿತು.