ಗಂಧಕದಲ್ಲಿ ಬಿಟ್ಟುಹೋದ ಒಂದು ‘ಕ’

ಗಂಧಕದಕ್ಕನ ಮುತ್ತಾತ ದೀಪದೆಣ್ಣೆಯ ಡಬ್ಬ ತಲೆಯ ಮೇಲೆ ಹೊತ್ತು ಬೀದಿ ಬೀದಿ ಮಾರಿದವನು. ಎಣ್ಣೆಗೆ ನೀರು ಬೆರೆಸಿ ಕೊಟ್ಟ ಸಗಟು ವ್ಯಾಪಾರಿಯ ಅಂಗಳದಲ್ಲೇ ಆ ಡಬ್ಬವನ್ನು ಬೋರಲು ಹಾಕಿ, ‘ನಿನ್ನ ನೀರು ನೀನೇ ಕುಡಿ’ ಎಂದು ಬರಿಗೈಯಲ್ಲಿ ಮನೆಗೆ ಬಂದವನು. ಅಜ್ಜ ಎಣ್ಣೆಯ ಉಗ್ರಾಣದ ಕಾವಲುಗಾರ. ಪೀಪಾಯಿಗೆ ಬೆಂಕಿ ತಗುಲಿದ ದಿನ ಮಿಕ್ಕವರೆಲ್ಲ ಬೇಲಿ ಹಾರಿ ಓಡಿದರೆ, ಅವನು ಒದ್ದೆ ಗೋಣಿಚೀಲ ಹಿಡಿದು ಒಳನುಗ್ಗಿದ. ಎರಡೂ ಹುಬ್ಬುಗಳನ್ನು ಅಲ್ಲೇ ಬಿಟ್ಟು ಹೊರಬಂದ. ಅಪ್ಪ ನಾಲ್ಕು ರಸ್ತೆ ಕೂಡುವಲ್ಲಿ ಕೈಯಲ್ಲಿ ತಿರುಗಿಸುವ ಒಂದು ಪಂಪು ನೆಟ್ಟು, ನಲವತ್ತು ವರ್ಷ ಒಂದು ಲೋಟದಷ್ಟೂ ಕಲಬೆರಕೆ ಮಾರದೆ ಕಣ್ಣು ಮುಚ್ಚಿದ. ಅವನಿಗೆ ಮಕ್ಕಳಿಬ್ಬರು. ಅಪ್ಪನ ಮೂಗು ಮಗಳಿಗೆ ಬಂತು, ಬಂಕು ಮಗನಿಗೆ ಬಂತು. ಮೂಗನ್ನು ಹಂಚಿದವನು ದೇವರು, ಬಂಕನ್ನು ಹಂಚಿದವನು ವಕೀಲ. ಯಾರ ಹಂಚಿಕೆ ಚೆನ್ನಾಗಿತ್ತೆಂದು ಬೇರೆ ಹೇಳಬೇಕೆ?

ಅಕ್ಕನಿಗೆ ಈಗ ಐವತ್ತೆಂಟು. ಮೂವತ್ತು ವರ್ಷದಿಂದ ಅದೇ ಬಂಕಿನಲ್ಲಿ, ತಮ್ಮನ ಕೈಕೆಳಗೆ, ಡೀಸೆಲ್ ಹಾಕುತ್ತಾಳೆ. ಮೊಣಕೈವರೆಗೆ ಮಡಿಸಿದ ನೀಲಿ ಕೋಟು, ಸೊಂಟದಲ್ಲಿ ಬೀಗದ ಕೈ, ಎಷ್ಟು ತೊಳೆದರೂ ಹೋಗದ ಬೆರಳುಗಳ ಕರಿ. ಓದಿದ್ದು ನಾಲ್ಕನೆಯ ತರಗತಿ. ಆದರೆ ಓದಿದ್ದನ್ನು ಮರೆತವಳಲ್ಲ; ಹದಿನಾರು ತರಗತಿ ಓದಿ ಕಣ್ಣೆದುರಿನ ನಾಲ್ಕು ಅಕ್ಷರ ಓದದ ಮಹನೀಯರನ್ನು ಅವಳು ದಿನಕ್ಕೆ ನೂರು ನೋಡುತ್ತಾಳೆ.

ಅಲ್ಲಿ ಡೀಸೆಲ್ ಪಂಪುಗಳು ಎರಡು. ಗೋಡೆಯ ಕಡೆಯದರಲ್ಲಿ ಗಂಧಕ ಜಾಸ್ತಿಯಿರುವ ಹಳೆಯ ಡೀಸೆಲ್. ಅದು ಜನರೇಟರಿಗೆ, ರೋಡ್ ರೋಲರಿಗೆ, ಹೊಗೆಯುಗುಳುತ್ತಲೇ ಮುಪ್ಪಾದ ಲಾರಿಗಳಿಗೆ. ರಸ್ತೆಯ ಕಡೆಯದರಲ್ಲಿ ಗಂಧಕವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದ ಡೀಸೆಲ್. ಹತ್ತು ಲಕ್ಷ ಪಾಲಿನಲ್ಲಿ ಗಂಧಕ ಹದಿನೈದು ಪಾಲನ್ನು ಮೀರುವಂತಿಲ್ಲ. ಹೊಸ ಗಾಡಿಗಳ ಹೊಗೆ ಕೊಳವೆಯೊಳಗೆ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅವಕ್ಕೆ ಹಳೆಯ ಡೀಸೆಲ್ ಕುಡಿಸುತ್ತಾ ಹೋದರೆ ಫಿಲ್ಟರ್ ಕಟ್ಟಿಕೊಂಡು, ಗಾಡಿ ಉಬ್ಬಸದ ಮುದುಕನಂತೆ ಏರಿನಲ್ಲಿ ಕೂತುಬಿಡುತ್ತದೆ. ನೋಡಲು ಎರಡೂ ಅವಳಿಜವಳಿ. ಗುರುತು ಹಿಡಿಯುವುದು ಪಂಪಿನ ಮೇಲಿನ ಅಂಗೈಯಗಲದ ಚೀಟಿಯಿಂದ. ಗಾಡಿಗೆ ಯಾವುದು ಬೇಕೆಂಬುದು ಅದರ ಟ್ಯಾಂಕಿನ ಮುಚ್ಚಳದ ಒಳಗೇ ಬರೆದಿರುತ್ತದೆ. ‘ಮೂಗು ಅನುಮಾನಕ್ಕೆ, ಕಣ್ಣು ತೀರ್ಮಾನಕ್ಕೆ’ ಎಂದು ಅಪ್ಪ ಹೇಳಿಕೊಟ್ಟಿದ್ದ. ಇಷ್ಟೇ ವಿದ್ಯೆ. ಇಷ್ಟಕ್ಕೂ ಜನರಿಗೆ ಪುರುಸೊತ್ತಿಲ್ಲ.

ಚೀಟಿಯಲ್ಲಿ ‘ಅತಿ ಕಡಿಮೆ ಗಂಧಕದ ಡೀಸೆಲ್’ ಎಂದಿತ್ತು. ಮೊನ್ನೆ ಮೊನ್ನೆ ಕೊಂಡ ಗಾಡಿಯಿಂದ ಇಳಿದವನೊಬ್ಬ ಮೊದಲೆರಡು ಪದ ಓದಿ, ಅಲ್ಲಿಗೇ ಸುಸ್ತಾಗಿ ಹುಬ್ಬೇರಿಸಿದ್ದ.

“ಅತಿ ಕಡಿಮೇದಾ? ಯಾಕಮ್ಮ, ನನ್ನ ಗಾಡಿ ಕಂಡ್ರೆ ಅಷ್ಟು ಸಸಾರಾನಾ? ಅತಿ ಹೆಚ್ಚಿಂದು ಹಾಕು.”

“ಸ್ವಾಮಿ, ಕಡಿಮೆ ಆಗಿರೋದು ಗಂಧಕ. ನಿಮ್ಮ ಮರ್ಯಾದೆ ಅಲ್ಲ.”

“ನನಗೇ ಪಾಠ ಹೇಳ್ತೀಯಾ?”

“ಇಲ್ಲಪ್ಪ. ಪಾಠ ಹೇಳೋಕೆ ಎದುರಿಗೆ ತಲೆ ಇರಬೇಕು.”

ಇಂಥ ಮಾತುಗಳಿಂದಲೇ ಅವಳಿಗೆ ಗಂಧಕದಕ್ಕ ಎಂಬ ಹೆಸರು ಬಂದದ್ದು. ಹತ್ತಿರ ಹೋದರೆ ಚುರ್ರೆನ್ನುತ್ತದೆ.

ತಮ್ಮನ ಅಡ್ಡಹೆಸರು ಇಸ್ತ್ರಿ. ಅಂಗಿಯಲ್ಲಿ ಒಂದು ಗೆರೆ ಮುರಿದರೆ ಅವನಿಗೆ ಅನ್ನ ಸೇರದು. ಗಾಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು, ಬಂಕೆಂಬುದು ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಚಿಂತಿಸುವವನು. ಮಗಳ ಬಾಣಂತನಕ್ಕೆಂದು ಅಕ್ಕ ಮೂರು ವಾರ ರಜೆ ಹಾಕಿದ್ದೇ ತಡ, ಎರಡೂ ಪಂಪುಗಳಿಗೆ ಹೊಸ ಬಣ್ಣ ಹೊಡೆಸಲು ಪೇಂಟರನ್ನು ಕರೆಸಿದ. ಬರೆಯಬೇಕಾದದ್ದನ್ನು ಫೋನಿನಲ್ಲಿ ಹೇಳಿದ. ಪೇಂಟರ್ ಕೇಳಿಸಿಕೊಂಡಷ್ಟನ್ನು ಬರೆದುಕೊಂಡ: ‘ಅತಿ ಕಡಿಮೆ ಗಂಧದ ಡೀಸೆಲ್.’ ಒಂದು ‘ಕ’ ಗಾಳಿಗೆ ಹೋಯಿತು.

ಹೋಗಲಿ, ಅಕ್ಷರ ತಾನೇ ಎನ್ನಬೇಡಿ. ಹಳೆಯ ಚೀಟಿಗಳನ್ನು ಕೀಳುವ ಶ್ರಮವೇಕೆಂದು ಪೇಂಟರ್ ಅವುಗಳ ಮೇಲೆಯೇ ಎರಡು ಪದರ ಬಣ್ಣ ಬಳಿದ. ಒಣಗಿದ ಮೇಲೆ ನೋಡುತ್ತಾನೆ, ಎರಡೂ ಪಂಪು ಒಂದೇ ಅಚ್ಚು. ಬರಹ ಯಾವುದಕ್ಕೆ? ‘ಗಂಧ ಕಡಿಮೆ’ ಎಂದಿದೆಯಲ್ಲ, ಮೂಸಿ ನೋಡಿದರಾಯಿತು ಎಂದುಕೊಂಡ ಆ ಬುದ್ಧಿವಂತ. ಎರಡೂ ನಾಜಲ್ಲುಗಳನ್ನು ಮೂಗಿಗೆ ಹಿಡಿದ. ಇಪ್ಪತ್ತು ವರ್ಷ ಟರ್ಪೆಂಟೈನ್ ಕುಡಿದ ಮೂಗು ಅದು. ಎದುರಿಗೆ ಹೆಣ ಕೊಳೆತರೂ ಮಲ್ಲಿಗೆಯೋ ಎಂದು ಕೇಳುವಂಥದ್ದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ಗೋಡೆಯ ಕಡೆಯ ಪಂಪಿನ ಮೇಲೆ ಬಂಗಾರದ ಬಣ್ಣದಲ್ಲಿ ಬರೆದು, ಕೆಳಗೆ ಎರಡು ಹೂವನ್ನೂ ಬಿಡಿಸಿ, ಇನ್ನೊಂದನ್ನು ಖಾಲಿ ಬಿಟ್ಟು ಹೋದ. ಇಸ್ತ್ರಿ ಹೂವು ನೋಡಿ ಹಿಗ್ಗಿದ.

ಅಕ್ಕ ಕೆಲಸಕ್ಕೆ ಹಿಂದಿರುಗಿದ ದಿನವೇ ಅದನ್ನು ಕಂಡಳು. ಕೋಟು ಹಾಕಿಕೊಳ್ಳುವ ಮೊದಲೇ ಗಾಜಿನ ಕೋಣೆಗೆ ನುಗ್ಗಿದಳು.

“ಲೋ, ಹೆಸರು ತಪ್ಪು ಪಂಪಿಗೆ ಬಿದ್ದಿದೆ. ಹಳೇ ಡೀಸೆಲ್ ಪಂಪಿನ ಮೇಲೆ ಹೊಸದರ ಹೆಸರು ಬರೆಸಿದ್ದೀಯ. ಅದೂ ತಪ್ಪು ತಪ್ಪಾಗಿ. ಗಂಧವಂತೆ! ಡೀಸೆಲ್ ಮಾರ್ತೀಯೋ, ಊದುಬತ್ತಿ ಮಾರ್ತೀಯೋ?”

“ಅಕ್ಕ, ಬರೆದಿರೋದು ಕಲಿತವನು. ನಿನಗೆ ಮೂರು ವಾರಕ್ಕೆ ಮರೆತುಹೋಗಿದೆ, ಅಷ್ಟೇ. ಕಣ್ಣು ಬೇರೆ ಮಂಜಾಗಿದೆ.”

“ಮಂಜಾಗಿರೋದು ನಿನ್ನ ಗಾಜು. ಒರೆಸ್ಕೋ.”

ಅವನು ನಕ್ಕ. ಅಂದಿನಿಂದ ಅಕ್ಕ ತನ್ನ ಪಾಳಿಯಲ್ಲಿ ಬಂಗಾರದ ಅಕ್ಷರಗಳಿಗೆ ಬೆನ್ನು ಹಾಕಿ ಸರಿಯಾದದ್ದನ್ನೇ ಹಾಕಿದಳು. ಆದರೆ ಆಸ್ಪತ್ರೆಯ ಹೊಸ ಆಂಬುಲೆನ್ಸ್ ಬರುತ್ತಿದ್ದುದು ಬೆಳಗಿನ ಪಾಳಿಗೆ. ಆ ಪಾಳಿಯವರು ಬರಹ ನೋಡಿ ಹಾಕುವ ವಿಧೇಯರು.

ವಾರ ಕಳೆಯುವಷ್ಟರಲ್ಲಿ ಆಂಬುಲೆನ್ಸ್ ಏರಿನಲ್ಲಿ ನಿಂತಿತು. ಕಾಲು ಮುರಿದವನೊಬ್ಬನನ್ನು ನಡುರಸ್ತೆಯಲ್ಲಿ ಇನ್ನೊಂದು ಗಾಡಿಗೆ ದಾಟಿಸಬೇಕಾಯಿತು. ಫಿಲ್ಟರ್ ಕಟ್ಟಿದೆ, ತಪ್ಪು ಡೀಸೆಲ್ ಬಿದ್ದಿದೆ ಎಂದ ಮೆಕ್ಯಾನಿಕ್. ಮಧ್ಯಾಹ್ನ ಆಂಬುಲೆನ್ಸಿನ ಡ್ರೈವರ್ ಅವನನ್ನೂ ಕರೆದುಕೊಂಡು ಬಂಕಿಗೆ ಬಂದು ಕೂಗಾಡತೊಡಗಿದ. ಇಸ್ತ್ರಿ ಕೋಣೆಯಿಂದ ಇಳಿದು ಬಂದ. ಕೈ ಎತ್ತಿ ಅಕ್ಕನ ಕಡೆ ತೋರಿಸಿದ.

“ನಮ್ಮಕ್ಕಂದೇ ತಪ್ಪು, ಅಣ್ಣ. ವಯಸ್ಸಾಯ್ತು. ಬೋರ್ಡ್ ಒಂದು ಹೇಳಿದ್ರೆ ಇವಳೊಂದು ಹಾಕ್ತಾಳೆ. ಇವತ್ತಿಂದ ಪಂಪು ಮುಟ್ಟೋ ಹಾಗಿಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸುತ್ತ ನಿಂತ ಲಾರಿಯವರು, ಮೂವತ್ತು ವರ್ಷ ಅವಳ ಕೈಯಿಂದಲೇ ಟ್ಯಾಂಕು ತುಂಬಿಸಿಕೊಂಡವರು, ನೆಲ ನೋಡುತ್ತಾ ನಿಂತರು. ಆ ಮಾತು ಅಲ್ಲೇ ನಿಂತುಬಿಟ್ಟರೆ ನಾಳೆಯಿಂದ ಅವಳು ಕಣ್ಣು ಕಾಣದ ಮುದುಕಿ. ನಾಲ್ಕು ತಲೆಮಾರಿನ ಹೆಸರಿಗೆ ಮಸಿ.

ಅಕ್ಕ ಅಳಲಿಲ್ಲ, ಆಣೆಯಿಡಲಿಲ್ಲ. ಸೊಂಟದ ಬೀಗದ ಕೈ ತೆಗೆದು ಗೋಡೆಯ ಕಡೆಯ ಪಂಪಿನ ಬಳಿಗೆ ಹೋಗಿ, ಎರಡು ಹೂವಿನ ನಡುವೆ ಊರಿ ಕೆರೆಯತೊಡಗಿದಳು.

“ಏಯ್ ಅಕ್ಕ! ಹೊಸ ಬಣ್ಣ!” ಇಸ್ತ್ರಿ ಕಿರುಚಿದ.

ಬಣ್ಣ ಸುರುಳಿ ಸುರುಳಿಯಾಗಿ ಉದುರಿತು. ಕೆಳಗೆ ಹಳೆಯ ಚೀಟಿ ಕಂಡಿತು. ಅಕ್ಕ ಡ್ರೈವರನ ಕಡೆ ತಿರುಗಿದಳು.

“ಬಾರಪ್ಪ, ನೀನೇ ಓದು. ನನಗೆ ಕಣ್ಣು ಕಾಣಲ್ವಂತೆ.”

ಡ್ರೈವರ್ ಬಗ್ಗಿ ಗಟ್ಟಿಯಾಗಿ ಓದಿದ: “ಹೆಚ್ಚು ಗಂಧಕದ ಡೀಸೆಲ್. ಹೊಸ ಗಾಡಿಗಳಿಗೆ ಹಾಕಬಾರದು.”

“ಮೇಲೆ ಬಂಗಾರದಲ್ಲಿ ಏನಿದೆ?”

“ಅತಿ ಕಡಿಮೆ ಗಂಧದ...” ಅವನು ಕೆಳಗಿನ ಚೀಟಿಯನ್ನು ಮತ್ತೊಮ್ಮೆ ನೋಡಿದ. “ನಮ್ಮ ಹುಡುಗರು ದಿನಾ ಇದ್ರಲ್ಲೇ ಹಾಕಿಸ್ತಿದ್ರಲ್ಲ!”

“ಯಾವ ಹೊತ್ತಿಗೆ?”

“ಬೆಳಿಗ್ಗೆ ಆರಕ್ಕೆ.”

“ನನ್ನ ಪಾಳಿ ಎರಡು ಗಂಟೆಗೆ ಶುರು ಕಣಪ್ಪ,” ಎಂದಳು ಅಕ್ಕ. ಅಷ್ಟೇ ಅಂದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಲಾರಿಯವರಲ್ಲೊಬ್ಬ ಮೊದಲು ನಕ್ಕ. ಆಮೇಲೆ ನಗು ಪಂಪಿನಿಂದ ಪಂಪಿಗೆ ಹಬ್ಬಿತು. ಫಿಲ್ಟರ್ ಹೊಸದು ಹಾಕಿಸಿಕೊಡುವುದಾಗಿ ಇಸ್ತ್ರಿ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಾಯಿತು. ಹೇಳುವಾಗ ಅವನ ಅಂಗಿಯ ಗೆರೆಗಳೆಲ್ಲ ಬೆವರಿಗೆ ಮುರಿದಿದ್ದವು.

ಆಂಬುಲೆನ್ಸಿನವರು ಹೋದರು. ಅಕ್ಕ ಇನ್ನೊಂದು ಪಂಪನ್ನೂ ಕೆರೆಯತೊಡಗಿದಳು. ತಮ್ಮ ಅವಳ ಬೆನ್ನ ಹಿಂದೆ ಬಂದು, ಕಲಬೆರಕೆಗೆ ಸುವಾಸನೆ ಬೆರೆಸಿದಂಥ ದನಿಯಲ್ಲಿ ಶುರುಮಾಡಿದ.

“ಆಗಿದ್ದಾಯ್ತು ಬಿಡಕ್ಕ. ಬಿಸಿಲಲ್ಲಿ ನೀನ್ಯಾಕೆ ಕಷ್ಟಪಡ್ತೀಯ? ಪೇಂಟರನ್ನೇ ಕರೆಸಿ ಕೆರೆಸ್ತೀನಿ. ಪಂಪಿಗೆ ಒಬ್ಬನ್ನ ಇಡ್ತೀನಿ. ನೀನು ಒಳಗೆ ಫ್ಯಾನಿನ ಕೆಳಗೆ ಹಾಯಾಗಿ ಕೂತ್ಕೋ. ಕಣ್ಣಿಗೊಂದು ಒಳ್ಳೆ ಕನ್ನಡಕಾನೂ ಮಾಡಿಸ್ಕೊಡ್ತೀನಿ.”

ಅಕ್ಕ ತಿರುಗಿಯೂ ನೋಡಲಿಲ್ಲ. ಬೀಗದ ಕೈಗೆ ಅಂಟಿದ ಬಣ್ಣವನ್ನು ಉಫ್ ಎಂದು ಊದಿದಳು.

“ಕನ್ನಡಕ ನೀನೇ ಹಾಕ್ಕೊ, ಫ್ಯಾನ್ ನಿನ್ನ ಅಂಗಿಗಿರಲಿ. ಬಳಿಸೋವಾಗ ನನ್ನನ್ನ ಕೇಳಿದ್ಯಾ? ಕೆರೆಯೋಕೆ ನಿನ್ನ ಸಹಾಯ ನನಗೂ ಬೇಡ. ಪಕ್ಕಕ್ಕೆ ಸರಿಯೋ, ಗಾಡಿ ಬರ್ತಿದೆ.”