ಎರಡು ಬೆಳಕು, ಒಂದೇ ನೀಹಾರಿಕೆ

ನಮೀಬಿಯಾದ ವಿಂಡ್‌ಹುಕ್‌ಗೆ ಬಂದ ಮೊದಲ ವಾರವೇ ದಾರಿ ತಪ್ಪಿದೆ. ಜೂನ್ ಅಲ್ಲಿ ಚಳಿಗಾಲ. ಮಧ್ಯಾಹ್ನದ ಸೂರ್ಯ ಉತ್ತರಕ್ಕಿದ್ದ. ನಾನು ಭರಮಸಾಗರದ ಕೆರೆ ಏರಿಯ ಮೇಲೆ, ಅಕ್ಕನ ಪಕ್ಕ ಕೂತು, ದಕ್ಷಿಣಕ್ಕೆ ಮುಖಮಾಡಿ ಚಳಿಗಾಲದ ಬಿಸಿಲು ಕಾಯಿಸಿದವಳು. ಸೂರ್ಯನಿದ್ದ ಕಡೆಯೇ ದಕ್ಷಿಣ ಎಂಬ ಅದೇ ಲೆಕ್ಕದಲ್ಲಿ ನಡೆದು, ಮನೆಗೆ ಬೆನ್ನುಹಾಕಿ ಊರಾಚೆ ತಲುಪಿದ್ದೆ. ಆಕಾಶ ಓದುವುದೇ ನನ್ನ ಉದ್ಯೋಗ!

ಕೋಣೆ ಬಾಡಿಗೆಗೆ ಕೊಟ್ಟಿದ್ದ ಸೆಲ್ಮಾ ಬಿದ್ದುಬಿದ್ದು ನಕ್ಕಳು. ಎಲ್ಲರೂ ಅವಳನ್ನು ‘ಮೇಮೆ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅಮ್ಮ. ಆ ಸಂಜೆ ‘ಒಷಿಫಿಮಾ’ ಬಡಿಸಿದಳು. ನೋಡಿದರೆ ಸಜ್ಜೆ ಮುದ್ದೆ! ಅವರು ಅದನ್ನು ಅಗಿದು ತಿನ್ನುತ್ತಾರೆ. ನಾನು ನುಂಗುವುದನ್ನು ಕಂಡು ಗಾಬರಿಯಿಂದ ನೀರು ಕೊಟ್ಟಳು. ಹಬೆಗೆ ಕಣ್ಣು ಕಿರಿದಾಗಿಸಿ ಮುದ್ದೆ ತಿರುವುತ್ತಿದ್ದ ಅಕ್ಕ ನೆನಪಾದಳು.

ಖಗೋಳ ಸಂಶೋಧನೆಯಲ್ಲಿ ನನ್ನ ಪಾಲಿಗೆ ಬಂದಿದ್ದು ಗಾಮಾ ಕಿರಣಗಳಲ್ಲಿ ಕಾಣುವ, ಗುರುತು ಸಿಗದ ಒಂದು ಬೆಳಕಿನ ಮಸುಕು. ಅದರ ಅಂಚಿನಲ್ಲೊಂದು ಪಲ್ಸಾರ್, ಅಂದರೆ ಸತ್ತ ನಕ್ಷತ್ರದ ಗಿರ್ರನೆ ತಿರುಗುವ ತಿರುಳು. ಎಕ್ಸ್-ರೇ ಚಿತ್ರದಲ್ಲಿ ಅದರ ಸುತ್ತ ಪುಟ್ಟ ಮಂಜು. ಪಲ್ಸಾರ್ ಬೀಸುವ ಕಣಗಳ ಗಾಳಿಯಿಂದಲೇ ಎರಡೂ ಬೆಳಗುತ್ತಿವೆ, ಎರಡೂ ಒಂದೇ ನೀಹಾರಿಕೆ ಎಂದು ನನ್ನ ವಾದ.

“ಒಂದರಿಂದೊಂದು ಇಷ್ಟು ದೂರವಿರುವ ಎರಡು ಬೆಳಕು ಸಂಬಂಧಿಕರೆಂದು ಹೇಗೆ ಹೇಳುತ್ತೀಯ?” ಎಂದರು ಹಿರಿಯ ಸಹೋದ್ಯೋಗಿ. ನನ್ನ ಹುದ್ದೆ ಮುಗಿಯಲು ನಾಲ್ಕೇ ತಿಂಗಳಿತ್ತು.

ಹೊಳಲ್ಕೆರೆಯಲ್ಲಿ ಟೈಲರ್ ಅಂಗಡಿ ನಡೆಸುವ ಅಕ್ಕ ಫೋನಿನಲ್ಲಿ, “ದುರ್ಗದ ಕಾಲೇಜಿನಾಗೆ ಫಿಸಿಕ್ಸ್ ಲೆಕ್ಚರರ್ ಕೆಲಸ ಖಾಲಿ ಐತಂತೆ. ಬಂದ್ಬಿಡೇ. ಆ ಮಂಜು ಯಾರದ್ದಾದ್ರೆ ನಿನಗೇನು?” ಅಂದಳು.

“ಎರಡೂ ಒಂದೇ ಅಂತ ತೋರಿಸ್ಬೇಕಕ್ಕ.”

“ಬಣ್ಣ ಹೆಂಗೆ ಮಾಸ್ಕಂತ ಹೋಗೈತೆ ನೋಡು. ಒಂದೇ ಥಾನಿನ ಬಟ್ಟೆ ಆದ್ರೆ ಗೊತ್ತಾಗ್ತೈತೆ.”

ನನಗೆ ಗೊತ್ತಿಲ್ಲದ್ದೇನಲ್ಲ. ಬೆಳಕಿನಲ್ಲಿ ಬಣ್ಣವೆಂದರೆ ಶಕ್ತಿ. ಹೆಚ್ಚು ಶಕ್ತಿಯ ಕಣಗಳು ಬೇಗ ಬಳಲುತ್ತವೆ. ಹುಟ್ಟಿದಲ್ಲಿಂದ ಬಹುದೂರ ಹೋಗಲಾರವು. ಆದರೆ ಅವು ಹೊಮ್ಮಿಸುವ ಕಿರಣಗಳು ನಮಗೆ ಸಿಕ್ಕಿದ್ದೇ ಕಡಿಮೆ ಎಂದು ಹೆದರಿ ಆ ಪರೀಕ್ಷೆಯನ್ನು ಮುಂದೂಡಿದ್ದೆ. ಮರುದಿನವೇ ಕೂತೆ. ಗಾಮಾ ಕಿರಣಗಳನ್ನು ಶಕ್ತಿಗೆ ತಕ್ಕಂತೆ ಬೇರ್ಪಡಿಸಿ ಮೂರು ಚಿತ್ರ ಮಾಡಲು ಏಳು ವಾರ ಹಿಡಿಯಿತು. ಶಕ್ತಿ ಏರಿದಂತೆ ಆ ಮಸುಕು ಕುಗ್ಗುತ್ತಾ ಪಲ್ಸಾರಿನತ್ತ ಸರಿದಿತ್ತು. ಅಂದರೆ ಅದರ ಹುಟ್ಟು ಅಲ್ಲೇ.

ಸಹೋದ್ಯೋಗಿ ಚಿತ್ರಗಳನ್ನು ಹಿಂದೆಮುಂದೆ ಮಾಡಿ ನೋಡಿ, “ನೀನೇ ಸರಿ” ಎಂದರು. ಹುದ್ದೆ ಮುಂದುವರಿಯಿತು. ಮೇಮೆ ಅವರ ಸಂಭ್ರಮದ ರೀತಿಯಲ್ಲಿ ನಾಲಿಗೆ ಆಡಿಸಿ ಜೋರಾಗಿ ಕೂಗಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು. ಅಕ್ಕ ಮಾತ್ರ, “ಒಳ್ಳೇದಾತು ಬಿಡು” ಎಂದು ಫೋನ್ ಇಟ್ಟಳು.

ಈ ಸಲ ಹೊಳಲ್ಕೆರೆಯಲ್ಲಿ ರಜೆ ಮುಗಿಸಿ ಹೊರಡುವಾಗ, ಬಸ್ ನಿಲ್ದಾಣದಲ್ಲಿ ಅವಳಿಗೆ, “ಊರು ಮುಟ್ಟಿದ ಕೂಡ್ಲೆ ಫೋನ್ ಮಾಡ್ತೀನಿ” ಅಂದೆ.

“ಯಾವ ಊರು?”

ನಾನು ಬಗ್ಗಿ ಚೀಲದ ಜಿಪ್ ಎಳೆದೆ. “ಇರ್ಲಿ ಬಿಡೇ, ಬಸ್ಸು ಬಂತು” ಎಂದು ಅವಳೇ ಚೀಲ ಎತ್ತಿಕೊಟ್ಟಳು.

ಸೀಟಿನಲ್ಲಿ ಕೂತು ಮೇಮೆಗೆ ಫೋನ್ ಮಾಡಿ, ಅವಳ ಭಾಷೆಯಲ್ಲಿ ಕಲಿತ ನಾಲ್ಕು ಮಾತಿನಲ್ಲೇ, ಮನೆಗೆ ಬರುತ್ತಿದ್ದೇನೆ ಎಂದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಕೆಳಗೆ ಅಕ್ಕ ನಿಂತೇ ಇದ್ದಳು.